ಸೋಮವಾರದೊಳಗೆ ಐದು ಅರ್ಥ

ಗಾಳಿ ಜೋರಿದೆಯೆಂದು ಫೆರ್ರಿ ತಡ.
ಶೆಟ್ಲೆಂಡಿನ ಒಂದು ಕಟ್ಟೆಯ ಮೇಲೆ
ನಾನು, ಎರಡು ಚೀಲ, ಆರಿಹೋದ ಚಹಾ.
ಎದುರಿಗೆ, ದಡಕ್ಕೆಳೆದು ಒರಗಿಸಿದ ದೋಣಿಯ ಹೊಟ್ಟೆಯಡಿ
ಲೌರಿ ಇಸ್ಬಿಸ್ಟರ್, ಅವನ ಮೊಮ್ಮಗಳು ಓಸ್ಲಾ.

ಮುದುಕನಿಗೆ ಕಿವಿ ಕೇಳದು. ಅದಕ್ಕೇ
ಗುಟ್ಟನ್ನೂ ಗಟ್ಟಿಯಾಗಿ ಆಡುತ್ತಾನೆ.
ಕದ್ದು ಕೇಳುವ ಕಷ್ಟ ನನಗೆ ಬರಲಿಲ್ಲ.

ಶಾಲೆಯಲ್ಲಿ ಕೊಟ್ಟಿದ್ದಾರಂತೆ: ದಿನಬಳಕೆಯ ಒಂದು ಪದ,
ಅದಕ್ಕೆ ಐದು ಅರ್ಥ.
ಹುಡುಗಿ ಅವನ ಮುಖದೆದುರು ನಿಂತು
ತುಟಿಯಲ್ಲೇ ಬಿಡಿಸಿ ತೋರಿಸಿದಳು:
ಸೌಂಡ್.

ಮೊದಲನೆಯದು ಅವಳಿಗೇ ಗೊತ್ತು, ಸದ್ದು.
ಸಪ್ಪಳ, ದನಿ, ಗದ್ದಲ, ಮೊಳಗು,
ನೆಂಟರನ್ನೆಲ್ಲ ನಿಘಂಟಿನಿಂದ ಎಳೆತಂದು
ಮದುವೆ ಪಂಕ್ತಿಯ ಹಾಗೆ ಸಾಲಾಗಿ ಕೂರಿಸಿದ್ದಳು.
'ಅಷ್ಟೂ ಸೇರಿ ಒಂದೇ,' ಎಂದ ಅಜ್ಜ. 'ಏಳು.'

ಕೊಡತಿ ತೆಗೆದು ಹಲಗೆಗೆ ಬಡಿದ. ಟಣ್.
ಪಕ್ಕದ್ದಕ್ಕೆ. ಟಣ್.
ಚುಕ್ಕಾಣಿಯ ಹತ್ತಿರ, ಬುಡದಲ್ಲಿ: ದೊಪ್.
'ಏನಂತು?'
ಅವಳು ಹೆಬ್ಬೆರಳನ್ನು ನೆಲದ ಕಡೆ ತಿರುಗಿಸಿದಳು.
'ಹಾಗಾದರೆ ಒಳಗೆ ಲಡ್ಡು. ಮೊದಲಿನವೆರಡು ಸೌಂಡ್, ಇದಲ್ಲ.
ಬರಕೋ: ಕೊಳೆಯದ್ದು, ಬಿರುಕು ಬಿಡದ್ದು,
ನಂಬಿ ನೀರಿಗಿಳಿಸಬಹುದಾದದ್ದು.'

ಗಟ್ಟಿ, ಅಂದುಕೊಂಡೆ ನಾನು.
ನನ್ನ ಮಾತಿನಲ್ಲೂ ಕೂಗು ಗಟ್ಟಿ, ಹಲಗೆಯೂ ಗಟ್ಟಿ;
ಶಬ್ದವೆಂದರೆ ಸದ್ದೂ ಹೌದು, ಪದವೂ ಹೌದು.
ಯಾರು ಯಾರಿಂದ ಕದ್ದರೋ.
ಇಲ್ಲಾ, ಎಲ್ಲ ಕಡೆಯೂ ಜನ
ಬಡಿದು ನೋಡಿಯೇ ಕೊಂಡರೇನೋ
ಮಡಕೆ, ತೆಂಗಿನಕಾಯಿ, ದೋಣಿ.

ಮೂರನೆಯದಕ್ಕೆ ಅವನು ಕೈ ಚಾಚಿದ, ಅಷ್ಟೆ:
ಎರಡು ದ್ವೀಪಗಳ ನಡುವೆ ಸಿಕ್ಕಿಕೊಂಡು
ಬೂದಿ ಬಣ್ಣಕ್ಕೆ ತಿರುಗಿದ ಕಡಲು.
ಅದಕ್ಕೂ ಅದೇ ಹೆಸರು.

ನಾಲ್ಕು, ಕಾಡ್ ಮೀನಿನ ಬೆನ್ನೆಲುಬಿಗಂಟಿದ ಗಾಳಿಚೀಲ.
'ನಮ್ಮಮ್ಮ ಉಪ್ಪು ಸವರಿ ಹುರಿಯುತ್ತಿದ್ದಳು.'
'ಇದನ್ನ ಮೇಡಂ ನಂಬಲ್ಲ, ಅಜ್ಜ.'
ತುಟಿ ಓದಿಕೊಂಡ. 'ತಿಂದು ನೋಡಲಿ, ನಂಬುತ್ತಾರೆ.'

ಐದನೆಯದು ಅಂಗಿಯ ಜೇಬಿನಿಂದಲೇ ಬಂತು:
ಹೆಬ್ಬೆರಳ ಗಾತ್ರದ ಸೀಸದ ಗುಂಡು, ತಳದಲ್ಲಿ ಕುಳಿ.
ಕುಳಿಗೆ ಕೊಬ್ಬು ಮೆತ್ತಿ, ಹಗ್ಗ ಕಟ್ಟಿ ಇಳಿಬಿಡುತ್ತಿದ್ದರಂತೆ.
ಆಳ ಎಷ್ಟೆಂದು ಹಗ್ಗ ಹೇಳುತ್ತಿತ್ತು;
ತಳ ಎಂಥದೆಂದು ಹೇಳಲು
ಒಂದು ಚಿಟಿಕೆ ಮರಳು ಅಂಟಿಕೊಂಡು ಮೇಲೆ ಬರುತ್ತಿತ್ತು.
'ಹೀಗೆ ಆಳ ನೋಡುವುದಕ್ಕೂ ಸೌಂಡ್ ಅಂತಲೇ ಅನ್ನೋದು.'

ಆಯಿತು, ಐದು. ಓಸ್ಲಾ ಪುಸ್ತಕ ಮುಚ್ಚಿದಳು.
ಮುದುಕ ಮಾತ್ರ ಗುಂಡನ್ನು ಜೇಬಿಗೆ ಹಾಕಲಿಲ್ಲ.

'ಸುನ್ನೀವಾ ಅಂತ ಒಂದು ದೋಣಿ. ಗಿಬ್ಬಿಯದು, ನನ್ನ ತಮ್ಮನದು.
ಅದಕ್ಕೂ ಬಡಿದು ನೋಡಿದವನು ನಾನೇ.
ತಲೆಯಿಂದ ಬಾಲದವರೆಗೆ, ಒಂದು ಮಧ್ಯಾಹ್ನ ಪೂರ್ತಿ.
ಕಾಗದದ ಕೆಳಗೆ ಒಂದೇ ಪದ ಬರೆದು ಸಹಿ ಹಾಕಿದೆ.
ಆಗ ಕಿವಿ ಚೆನ್ನಾಗೇ ಇತ್ತು.'

ಯಾವ ಪದವೆಂದು ಹೇಳಲಿಲ್ಲ.
ನೀರಿನ ಕಡೆ ನೋಡಲೂ ಇಲ್ಲ.

ಹುಡುಗಿ ಪುಸ್ತಕ ಬಿಚ್ಚಿ 'ಆರು' ಎಂದು ಬರೆದಳು.
ಮುಂದೆ ಬರೆಯಲಿಲ್ಲ, ಬರೆದದ್ದನ್ನು ಅಳಿಸಲೂ ಇಲ್ಲ.

ಫೆರ್ರಿ ಕೂಗಿತು.
ಕೂಗು ಆಚೆ ದಡಕ್ಕೆ ತಾಗಿ ಈಚೆ ಬಂತು,
ಅವನಿಗೆ ತಾಗಲಿಲ್ಲ.
ನಾನು ಚೀಲ ಎತ್ತಿಕೊಂಡು ತಿರುಗಿ ನೋಡುವಾಗ
ಸೀಮೆಸುಣ್ಣದಲ್ಲಿ ಆ ಲಡ್ಡು ಹಲಗೆಗೆ
ಕತ್ತರಿ ಗುರುತು ಹಾಕುತ್ತಿದ್ದ.
ಹಾಕಿದ ಮೇಲೆ ಪಕ್ಕದ್ದಕ್ಕೂ ಹಾಕಿದ,
ಅದರ ಪಕ್ಕದ್ದಕ್ಕೂ,
ಟಣ್ ಎಂದಿದ್ದವಕ್ಕೂ.